ಕ್ರೈಸ್ತ ಧರ್ಮದ ಚರಿತ್ರೆ ಓದುವುದು ಎಲ್ಲಿಂದ? ವಿಶ್ವಾಸ ಪ್ರಮಾಣದಿಂದ

ಕೆಲವು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಗೆಳೆಯನ ಮನೆಯವರ ಜೊತೆ ಭಾನುವಾರದ ಆರಾಧನೆಗೆ ಹೋಗಿದ್ದೆ. ಪ್ರಸಂಗ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಒಂದೇ ದನಿಯಲ್ಲಿ ವಿಶ್ವಾಸ ಪ್ರಮಾಣ, ಅಂದರೆ ತಮ್ಮ ನಂಬಿಕೆಯ ಸಾರವನ್ನು ಹೇಳುವ ಪಾಠ, ಹೇಳತೊಡಗಿದರು. ಪಕ್ಕದಲ್ಲಿದ್ದ ಅಜ್ಜಿಗೆ ಪುಸ್ತಕ ಬೇಕಾಗಿರಲಿಲ್ಲ. ನಾನು ಸಾಲುಗಳ ಮೇಲೆ ಬೆರಳಿಟ್ಟು ಓದುತ್ತಿದ್ದೆ. ಕ್ರಿಸ್ತನು ತಂದೆಯಿಂದ ಹುಟ್ಟಿದವನು, ಸೃಷ್ಟಿಯಾದವನಲ್ಲ ಎಂಬ ಅರ್ಥದ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು. ದೇವರ ಮುಂದೆ ನಿಂತು ಹೇಳುವ ಮಾತಿನಲ್ಲಿ ಈ ‘ಅಲ್ಲ’ ಎಲ್ಲಿಂದ ಬಂತು? ಯಾರೋ ಒಬ್ಬರು ‘ಹೌದು, ಸೃಷ್ಟಿಯಾದವನೇ’ ಎಂದು ಗಟ್ಟಿಯಾಗಿ ಹೇಳಿರದಿದ್ದರೆ ಇನ್ನೊಬ್ಬರು ‘ಅಲ್ಲ’ ಎನ್ನುವ ಅಗತ್ಯವೇ ಇರುತ್ತಿರಲಿಲ್ಲ.

ಅದಕ್ಕೆ ಮೊದಲು ನಾನು ಒಂದು ದಪ್ಪ ಚರಿತ್ರೆಯನ್ನು ಮುನ್ನೂರು ಪುಟದವರೆಗೆ ಓದಿ ಬಿಟ್ಟಿದ್ದೆ. ಚಕ್ರವರ್ತಿಗಳು, ಪೋಪರು, ಇಸವಿಗಳು ಯಾವುದೂ ಮನಸ್ಸಿನಲ್ಲಿ ನಿಂತಿರಲಿಲ್ಲ. ಆ ಭಾನುವಾರದ ಬಳಿಕ ಓದುವ ದಾರಿಯನ್ನು ತಿರುಗಿಸಿಕೊಂಡೆ. ಇಂದು ಪ್ರಾರ್ಥನೆಯಲ್ಲಿ ಬಳಕೆಯಲ್ಲಿರುವ ಒಂದು ಮಾತನ್ನು ಹಿಡಿದು, ಅದು ಎಲ್ಲಿ, ಯಾರ ಜಗಳದಲ್ಲಿ ಹುಟ್ಟಿತು ಎಂದು ಹಿಂದಕ್ಕೆ ಹೋಗುವುದು ಆ ದಾರಿ. ಸಿದ್ಧಾಂತ ಬೇರೆ, ಚರಿತ್ರೆ ಬೇರೆ ಎಂದು ಎರಡು ಪುಸ್ತಕ ಇಟ್ಟುಕೊಂಡು ಓದಿದರೆ ಎರಡೂ ಒಣಗುತ್ತವೆ. ನಾವು ಐದಾರು ಜನ ಸೇರಿ ಹೀಗೆ ಓದುತ್ತಾ ಬಂದಿದ್ದೇವೆ. ನಮ್ಮಲ್ಲಿ ಕ್ರೈಸ್ತರೂ ಇದ್ದಾರೆ, ಅಲ್ಲದವರೂ ಇದ್ದಾರೆ. ನೀವು ಯಾರೇ ಆಗಿರಿ, ಈ ದಾರಿ ನಿಮಗೆ ಒದಗಬಹುದು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾರ: ಪ್ರಮಾಣವನ್ನು ಕೈಯಲ್ಲಿ ಬರೆದುಕೊಳ್ಳಿ

ಬೇಕಾಗಿರುವುದು ಇನ್ನೂರು ಪುಟದ ಒಂದು ನೋಟ್‌ಬುಕ್ ಮತ್ತು ನೈಸಿಯಾ ವಿಶ್ವಾಸ ಪ್ರಮಾಣದ ಕನ್ನಡ ಪಾಠ. ಹೆಚ್ಚಿನ ಚರ್ಚುಗಳ ಆರಾಧನಾ ಪುಸ್ತಕದಲ್ಲಿ ಇದು ಸಿಗುತ್ತದೆ. ಅಪೊಸ್ತಲರ ಪ್ರಮಾಣ ಎಂಬ ಇನ್ನೊಂದು ಚಿಕ್ಕ ಪಾಠವೂ ಬಳಕೆಯಲ್ಲಿದೆ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ನಮಗೆ ಬೇಕಾದದ್ದು ‘ಬೆಳಕಿನಿಂದ ಬೆಳಕು, ನಿಜ ದೇವರಿಂದ ನಿಜ ದೇವರು’ ಎಂಬ ಸಾಲುಗಳಿರುವ ದೊಡ್ಡ ಪಾಠ.

ನೋಟ್‌ಬುಕ್ಕಿನ ಎಡಪುಟದಲ್ಲಿ ಒಂದೊಂದೇ ಸಾಲು ಬರೆಯಿರಿ, ಬಲಪುಟವನ್ನು ಖಾಲಿ ಬಿಡಿ. ಮುಂದಿನ ತಿಂಗಳುಗಳಲ್ಲಿ ಆ ಬಲಪುಟ ತುಂಬುತ್ತದೆ. ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಮಾತು ಯಾರ ಮಾತಿಗೆ ಉತ್ತರ? ಬೈಬಲಿನ ಯಾವ ವಾಕ್ಯದ ಮೇಲೆ ನಿಂತಿದೆ? ಇದನ್ನು ಒಪ್ಪದೆ ಹೊರಗೆ ನಡೆದವರು ಎಲ್ಲಿಗೆ ಹೋದರು? ಮೂರನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಹೆಚ್ಚಿನ ಪುಸ್ತಕಗಳು ಗೆದ್ದವರ ಜೊತೆಗೇ ಮುಂದೆ ಸಾಗಿಬಿಡುತ್ತವೆ.

ಈಗ ನಾವು ಹೇಳುವ ಪಾಠ 325ರಲ್ಲಿ ನೈಸಿಯಾ ಪಟ್ಟಣದಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಒಪ್ಪಿದ ಪಾಠವೇ ಅಲ್ಲ. ಪವಿತ್ರಾತ್ಮನ ಬಗೆಗಿನ ವಿವರವಾದ ಸಾಲುಗಳೆಲ್ಲ 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿಗೆ ಸೇರಿದ ಪಾಠದಲ್ಲಿ ಬಂದವು. ಮೂಲ ಪಾಠ ‘ಪವಿತ್ರಾತ್ಮನನ್ನೂ ನಂಬುತ್ತೇವೆ’ ಎನ್ನುವಷ್ಟಕ್ಕೇ ನಿಂತು, ನೇರವಾಗಿ ಶಾಪವಾಕ್ಯಗಳಿಗೆ ಹೋಗುತ್ತದೆ. ‘ಆತನು ಇಲ್ಲದಿದ್ದ ಕಾಲವೊಂದಿತ್ತು’ ಎನ್ನುವವರನ್ನು ಸಭೆ ಹೊರಗಿಡುತ್ತದೆ ಎಂಬ ಸಾಲು ಅದರಲ್ಲಿದೆ. ಎರಡೂ ಪಾಠಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಐವತ್ತಾರು ವರ್ಷಗಳಲ್ಲಿ ಜಗಳ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಎರಡನೆಯ ವಾರ: ಕನ್ನಡದ ಎರಡು ಶಬ್ದಭಂಡಾರ

ಈ ಹಂತವನ್ನು ಹಾರಿದವರು ಆಮೇಲೆ ತುಂಬ ಕಷ್ಟಪಡುತ್ತಾರೆ. ಕನ್ನಡದಲ್ಲಿ ಕ್ರೈಸ್ತ ಧರ್ಮದ ಬಗ್ಗೆ ಮಾತನಾಡಲು ಒಂದಲ್ಲ, ಎರಡು ಶಬ್ದಭಂಡಾರಗಳಿವೆ. ಪ್ರೊಟೆಸ್ಟೆಂಟರು ‘ಸಭೆ’ ಎಂದರೆ ಕೆಥೊಲಿಕರು ‘ಧರ್ಮಸಭೆ’ ಎನ್ನುತ್ತಾರೆ. ಅವರ ‘ಸುವಾರ್ತೆ’ ಇವರ ‘ಶುಭಸಂದೇಶ’. ಅಲ್ಲಿ ‘ದೀಕ್ಷಾಸ್ನಾನ’, ಇಲ್ಲಿ ‘ಜ್ಞಾನಸ್ನಾನ’. ಅಲ್ಲಿ ಕರ್ತನ ಭೋಜನ, ಇಲ್ಲಿ ಬಲಿಪೂಜೆ ಮತ್ತು ಪರಮಪ್ರಸಾದ. ಅಲ್ಲಿ ಸಭಾಪಾಲಕರು, ಇಲ್ಲಿ ಯಾಜಕರು. ಕೆಥೊಲಿಕರ ಪ್ರಾರ್ಥನೆಯಲ್ಲಿ ಪಿತ, ಸುತ, ಪವಿತ್ರಾತ್ಮ ಎಂದು ಕೇಳಿಸಿದರೆ ಇನ್ನೊಂದು ಕಡೆ ತಂದೆ, ಮಗ, ಪವಿತ್ರಾತ್ಮ.

ಕೆಲವು ಜೋಡಿಗಳು ಬರಿಯ ಭಾಷಾಭೇದ. ಇನ್ನು ಕೆಲವಕ್ಕೆ ಐದು ಶತಮಾನದ ಬೇರಿದೆ. ‘ಭೋಜನ’ ಎಂಬ ಪದಕ್ಕೂ ‘ಬಲಿ’ ಎಂಬ ಪದಕ್ಕೂ ನಡುವೆ ಹದಿನಾರನೆಯ ಶತಮಾನದ ಯುರೋಪ್ ಇಡಿಯಾಗಿ ನಿಂತಿದೆ. ಹಾಗಾಗಿ ನೋಟ್‌ಬುಕ್ಕಿನ ಕೊನೆಯ ಹತ್ತು ಪುಟಗಳನ್ನು ಪದಗಳಿಗೆ ಮೀಸಲಿಡಿ. ಬೈಬಲ್ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ‘ಸತ್ಯವೇದವು’ ಎಂಬ ಹೆಸರಿನ ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕಗಳು. ಕೆಥೊಲಿಕ್ ಬೈಬಲಿನಲ್ಲಿ 73. ಒಂದು ಪುಸ್ತಕ ನಿಮ್ಮ ಪ್ರತಿಯಲ್ಲಿ ಕಾಣದಿದ್ದರೆ ಮುದ್ರಕರ ತಪ್ಪು ಎಂದುಕೊಳ್ಳಬೇಡಿ.

ಇದಕ್ಕಿಂತ ದೊಡ್ಡ ತೊಡಕು ನಮ್ಮದೇ ತತ್ತ್ವಶಾಸ್ತ್ರದ ಪದಗಳದು. ತ್ರಿಯೇಕ ದೇವರು ಎಂದ ಕೂಡಲೇ ಮನಸ್ಸು ತ್ರಿಮೂರ್ತಿಗಳ ಕಡೆ ಹೊರಳುತ್ತದೆ. ಮನುಷ್ಯಾವತಾರ ಎಂದಾಗ ದಶಾವತಾರ ನೆನಪಾಗುತ್ತದೆ. ಹೋಲಿಕೆ ಮೊದಲ ಹೆಜ್ಜೆಗೆ ಊರುಗೋಲಾದರೂ ಎರಡನೆಯ ಹೆಜ್ಜೆಗೆ ಅಡ್ಡಗಾಲಾಗುತ್ತದೆ. ಅವತಾರಗಳು ಹಲವು, ಕ್ರೈಸ್ತರು ಹೇಳುವುದು ಒಂದೇ ಸಲ, ಒಂದೇ ಊರಿನಲ್ಲಿ, ರೋಮನ್ ಅಧಿಕಾರಿಯೊಬ್ಬನ ಕಾಲದಲ್ಲಿ ನಡೆದದ್ದನ್ನು. ಪ್ರಮಾಣದಲ್ಲಿ ‘ಪೊಂತ್ಯ ಪಿಲಾತನ ಕಾಲದಲ್ಲಿ’ ಎಂಬ ಮಾತು ಬರುವುದನ್ನು ಗಮನಿಸಿ. ನಂಬಿಕೆಯ ಪಾಠದೊಳಗೆ ಒಬ್ಬ ಪ್ರಾಂತ್ಯಾಧಿಕಾರಿಯ ಹೆಸರು ಯಾಕೆ ಕೂತಿದೆ ಎಂದು ಯೋಚಿಸಿದರೆ, ಈ ಧರ್ಮಕ್ಕೆ ಚರಿತ್ರೆ ಎಷ್ಟು ಮುಖ್ಯ ಎಂಬುದು ತಿಳಿಯುತ್ತದೆ.

ಆದರೆ ಕನ್ನಡ ಓದುಗರಿಗೆ ಒಂದು ದೊಡ್ಡ ಅನುಕೂಲವೂ ಇದೆ. ಭಾಷ್ಯಗಳ ನಾಡು ನಮ್ಮದು. ಒಂದೇ ಸೂತ್ರದ ಮೇಲೆ ಮೂವರು ಆಚಾರ್ಯರು ಮೂರು ಮತ ಕಟ್ಟಿದ್ದನ್ನು ಕೇಳುತ್ತಾ ಬೆಳೆದವರಿಗೆ ನಾಲ್ಕನೆಯ ಶತಮಾನದ ಗ್ರೀಕ್ ಬಿಷಪ್ಪರ ವಾದ ವಿಚಿತ್ರವೆನಿಸಬಾರದು.

ಮೂರು, ನಾಲ್ಕನೆಯ ವಾರ: ಚಿಕ್ಕ ಮೂಲಗಳು

ಮೊದಲ ಮೂರು ಶತಮಾನಗಳಿಗೆ ಚರಿತ್ರೆಯ ಪುಸ್ತಕಕ್ಕಿಂತ ಆ ಕಾಲದವರೇ ಬರೆದ ಎರಡು ಮೂರು ಚಿಕ್ಕ ಬರಹಗಳು ಮೇಲು. ಇಂಗ್ಲಿಷಿನಲ್ಲಿ ಇವೆಲ್ಲ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಪ್ಲಿನಿ ಎಂಬ ರೋಮನ್ ರಾಜ್ಯಪಾಲ ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನ್‌ನಿಗೆ ಬರೆದ ಪತ್ರದಿಂದ ಶುರು ಮಾಡಿ. ಅವನು ಕ್ರೈಸ್ತನಲ್ಲ, ಕ್ರೈಸ್ತರ ಮೇಲೆ ಅವನಿಗೆ ಒಲವೂ ಇರಲಿಲ್ಲ. ನಿಗದಿಯಾದ ದಿನ ಬೆಳಕು ಹರಿಯುವ ಮುನ್ನ ಅವರು ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ ಎಂದು ಆಣೆ ಇಡುತ್ತಾರೆ ಎಂದು ವರದಿ ಮಾಡುತ್ತಾನೆ. ನಿಜ ತಿಳಿಯಲು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ ಎಂದೂ ಅಷ್ಟೇ ತಣ್ಣಗೆ ಬರೆಯುತ್ತಾನೆ. ಆ ಇಬ್ಬರ ಹೆಸರು ನಮಗೆ ತಿಳಿದಿಲ್ಲ. ಈ ಸಾಲಿಗೆ ಬಂದಾಗ ನಮ್ಮ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಒಂದು ವಿಷಯ ಬರೆದಿಟ್ಟುಕೊಳ್ಳಿ. ಪ್ಲಿನಿ ಆಳುತ್ತಿದ್ದ ಪ್ರಾಂತ್ಯ ಇಂದಿನ ಟರ್ಕಿಯಲ್ಲಿರುವ ಬಿಥಿನಿಯ. ಅದರ ಮುಖ್ಯ ಪಟ್ಟಣಗಳಲ್ಲಿ ನೈಸಿಯಾವೂ ಒಂದು. ಅಲ್ಲಿನ ನಾಟಕಶಾಲೆಗೆ ಹಣ ಸುರಿದರೂ ಕಟ್ಟಡ ಕುಸಿಯುತ್ತಿದೆ ಎಂದು ಇನ್ನೊಂದು ಪತ್ರದಲ್ಲಿ ದೂರುತ್ತಾನೆ. ಯಾವ ಪ್ರಾಂತ್ಯದಲ್ಲಿ ಇಬ್ಬರು ದಾಸಿಯರು ಕ್ರಿಸ್ತನ ಹೆಸರಿಗಾಗಿ ಹಿಂಸೆ ಉಂಡರೋ ಅದೇ ಪ್ರಾಂತ್ಯದಲ್ಲಿ, ಇನ್ನೂರು ವರ್ಷ ಕಳೆದ ಮೇಲೆ, ಚಕ್ರವರ್ತಿಯೇ ಬಿಷಪ್ಪರನ್ನು ಸರ್ಕಾರಿ ಖರ್ಚಿನಲ್ಲಿ ಕರೆಸಿ ಸಭೆ ನಡೆಸಿದ. ಇಸವಿಗಳ ಪಟ್ಟಿಗಿಂತ ಇಂಥ ಒಂದು ಜಾಗ ಹೆಚ್ಚು ಕಲಿಸುತ್ತದೆ.

ಅನಂತರ ‘ದಿದಾಖೆ’ ಎಂಬ ಕೈಪಿಡಿಯನ್ನು ಓದಿ. ಹರಿಯುವ ನೀರಿನಲ್ಲಿ ದೀಕ್ಷಾಸ್ನಾನ ಕೊಡಿ, ಇಲ್ಲದಿದ್ದರೆ ಬೇರೆ ನೀರಾದೀತು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎನ್ನುತ್ತದೆ. ಊರಿಗೆ ಬಂದ ಅಪೊಸ್ತಲ ಮೂರು ದಿನ ಉಳಿದುಕೊಂಡರೆ ಅವನು ಸುಳ್ಳು ಪ್ರವಾದಿ ಎಂದೂ ಹೇಳುತ್ತದೆ. ಒಂದು ಗಂಟೆಯಲ್ಲಿ ಓದಿ ಮುಗಿಯುತ್ತದೆ.

ಎರಡನೆಯ ತಿಂಗಳು: ನೈಸಿಯಾ ಒಂದಕ್ಕೇ ಪೂರ್ತಿ ತಿಂಗಳು

ಇಲ್ಲಿ ಅವಸರ ಮಾಡಬೇಡಿ. ಕೆಥೊಲಿಕರ ಲೆಕ್ಕದ ಉಳಿದ ಇಪ್ಪತ್ತು ಮಹಾಸಭೆಗಳನ್ನು ಮೇಲುಮೇಲೆ ಓದುವುದಕ್ಕಿಂತ ಇದೊಂದನ್ನು ಆಳವಾಗಿ ಓದಿದರೆ ಓದುವ ವಿಧಾನವೇ ಕೈಗೆ ಬರುತ್ತದೆ.

ಕಥೆಯ ಎಲುಬು ಇಷ್ಟು. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಆರಿಯಸ್ ಎಂಬ ಪಾದ್ರಿ, ದೇವರೊಬ್ಬನೇ ಆದಿಯಿಲ್ಲದವನು, ಹಾಗಾಗಿ ಮಗನಿಗೆ ಒಂದು ಆದಿ ಇರಲೇಬೇಕು ಎಂದು ಬೋಧಿಸಿದ. ಅವನ ಬಿಷಪ್ ಅಲೆಕ್ಸಾಂಡರ್ ಅದನ್ನು ಒಪ್ಪಲಿಲ್ಲ. ಜಗಳ ಪೂರ್ವದ ಊರೂರಿಗೆ ಹಬ್ಬಿತು. 313ರಲ್ಲಿ ಕ್ರೈಸ್ತರಿಗೆ ಪೂಜಾಸ್ವಾತಂತ್ರ್ಯ ಕೊಟ್ಟಿದ್ದ ರೋಮನ್ ಚಕ್ರವರ್ತಿ ಕಾನ್‌ಸ್ಟಾಂಟೈನ್, 324ರಲ್ಲಿ ಪೂರ್ವವೂ ಕೈಗೆ ಬಂದ ಮೇಲೆ, ಮರುವರ್ಷವೇ ಬಿಷಪ್ಪರನ್ನು ನೈಸಿಯಾಗೆ ಕರೆಸಿದ. ಮಗನು ತಂದೆಯೊಡನೆ ‘ಹೋಮೋಊಸಿಯೊಸ್’, ಅಂದರೆ ಒಂದೇ ತತ್ತ್ವವುಳ್ಳವನು ಎಂದು ಸಭೆ ಬರೆಯಿತು. ಇಬ್ಬರು ಬಿಷಪ್ಪರು ಕೊನೆಯವರೆಗೂ ಸಹಿ ಹಾಕಲಿಲ್ಲ. ಆರಿಯಸ್‌ನೊಡನೆ ಅವರೂ ಗಡೀಪಾರಾದರು.

ಆರಿಯಸ್‌ನನ್ನು ಖಳನಾಯಕನಂತೆ ಓದಬೇಡಿ. ಅವನದು ದೇವರ ಹಿರಿಮೆ ಕಾಯಬೇಕೆಂಬ ತುಡಿತ. ಎದುರಿನವರ ಪ್ರಶ್ನೆ ಬೇರೆ: ಸೃಷ್ಟಿಯಾದವನೊಬ್ಬ ಸೃಷ್ಟಿಯನ್ನು ಹೇಗೆ ರಕ್ಷಿಸುತ್ತಾನೆ? ನಾವು ಇಷ್ಟು ವರ್ಷ ಪ್ರಾರ್ಥಿಸಿದ್ದು ಯಾರಿಗೆ? ಪ್ಲಿನಿಯ ಪತ್ರದ ‘ದೇವರೆಂಬಂತೆ ಹಾಡುತ್ತಾರೆ’ ಎಂಬ ಸಾಲನ್ನು ಇಲ್ಲಿಗೆ ತಂದಿಡಿ. ವಾದಕ್ಕೆ ಮುಂಚೆ ಹಾಡು ಇತ್ತು. ಹಾಡಿಗೆ ತಕ್ಕ ಮಾತನ್ನು ಹುಡುಕುವ ಹೊತ್ತಿಗೆ ಎರಡು ಶತಮಾನ ಕಳೆದಿತ್ತು. ಎರಡೂ ಕಡೆಯ ಅಂಜಿಕೆ ಏನೆಂದು ನಿಮ್ಮ ಮಾತಿನಲ್ಲಿ ಬರೆಯಲು ಬರುವವರೆಗೆ ಮುಂದಿನ ಪುಟಕ್ಕೆ ಹೋಗಬೇಡಿ.

ಈಗ ಆಕರಗಳನ್ನು ಒರೆಗೆ ಹಚ್ಚುವ ಪಾಠ. ನೈಸಿಯಾಗೆ ಬಂದ ಬಿಷಪ್ಪರು ಎಷ್ಟು ಮಂದಿ? ಎಲ್ಲ ಕಡೆ 318 ಎಂದಿರುತ್ತದೆ. ಆದರೆ ಸಭೆಯಲ್ಲೇ ಕುಳಿತಿದ್ದ ಕೈಸರಿಯದ ಯುಸೇಬಿಯಸ್ 250ಕ್ಕಿಂತ ಹೆಚ್ಚು ಎನ್ನುತ್ತಾನೆ. ಅಲ್ಲೇ ಇದ್ದ ಯುಸ್ತಾಥಿಯಸ್ ಸುಮಾರು 270 ಎನ್ನುತ್ತಾನೆ. ಹಾಗಾದರೆ 318 ಎಲ್ಲಿಂದ ಬಂತು? ಆದಿಕಾಂಡದ 14ನೆಯ ಅಧ್ಯಾಯ ತೆಗೆಯಿರಿ. ಸೆರೆಯಾದ ಲೋಟನನ್ನು ಬಿಡಿಸಲು ಅಬ್ರಾಮ ಕರೆದುಕೊಂಡು ಹೋದ ಆಳುಗಳ ಸಂಖ್ಯೆ 318. ನಂಬಿಕೆಯನ್ನು ಬಿಡಿಸಿಕೊಂಡು ಬಂದವರಿಗೂ ಅದೇ ಎಣಿಕೆ ಸಲ್ಲಲಿ ಎಂಬ ಭಾವನೆ ಆ ಅಂಕಿಯನ್ನು ನೆಲೆಗೊಳಿಸಿತು. ಅದನ್ನು ಸುಳ್ಳು ಎಂದು ಎಸೆಯಬೇಡಿ. ಬಂದವರ ಲೆಕ್ಕ ಒಂದು, ಅವರನ್ನು ನೆನೆದವರ ಲೆಕ್ಕ ಇನ್ನೊಂದು ಎಂದು ಎರಡನ್ನೂ ಬಲಪುಟದಲ್ಲಿ ಬರೆಯಿರಿ. ಇದೊಂದು ಅಭ್ಯಾಸ ಗಟ್ಟಿಯಾದರೆ ಸಂತರ ಚರಿತ್ರೆಗಳನ್ನು ಓದುವ ಕಣ್ಣು ಬೇರೆಯೇ ಆಗುತ್ತದೆ.

ಜನಜನಿತವಾದ ಎರಡು ತಪ್ಪುಗಳನ್ನು ಇಲ್ಲೇ ತಿದ್ದಿಕೊಳ್ಳಿ. ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕು ಎಂದು ನೈಸಿಯಾ ತೀರ್ಮಾನಿಸಲಿಲ್ಲ. ಅದರ 20 ನಿಯಮಗಳಲ್ಲಿ ಪಾದ್ರಿಗಳು ಬಡ್ಡಿ ತೆಗೆದುಕೊಳ್ಳಬಾರದು ಎಂಬುದಿದೆ, ಭಾನುವಾರ ಮಂಡಿಯೂರದೆ ನಿಂತೇ ಪ್ರಾರ್ಥಿಸಬೇಕು ಎಂಬುದಿದೆ. ಪುಸ್ತಕಗಳ ಪಟ್ಟಿ ಇಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಇಂದಿನಂತೆ ಪಟ್ಟಿ ಮಾಡಿದ ಮೊದಲ ಬರಹ 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ತನ್ನ ಸಭೆಗಳಿಗೆ ಕಳಿಸಿದ ಈಸ್ಟರ್ ಪತ್ರ. ಎರಡನೆಯದು, ಕಾನ್‌ಸ್ಟಾಂಟೈನ್ ಕ್ರೈಸ್ತ ಧರ್ಮವನ್ನು ರಾಜಧರ್ಮ ಮಾಡಿದ ಎಂಬುದು. ಅದು ಚಕ್ರವರ್ತಿ ಥಿಯೊಡೋಸಿಯಸ್‌ನ 380ರ ಶಾಸನ. ಕಾನ್‌ಸ್ಟಾಂಟೈನ್ ದೀಕ್ಷಾಸ್ನಾನ ಪಡೆದದ್ದೇ 337ರಲ್ಲಿ, ಮರಣಶಯ್ಯೆಯಲ್ಲಿ, ಅದೂ ಆರಿಯಸ್‌ನ ಪಕ್ಷಕ್ಕೆ ಹತ್ತಿರವಾಗಿದ್ದ ಬಿಷಪ್ಪನ ಕೈಯಿಂದ.

ಸಭೆ ಮುಗಿದ ಕೂಡಲೇ ಜಗಳ ಮುಗಿಯಲಿಲ್ಲ. ಅಲೆಕ್ಸಾಂಡರನ ಜೊತೆ ಡೀಕನ್ (ಕಿರಿಯ ಸಹಾಯಕ) ಆಗಿ ಬಂದಿದ್ದ ಯುವಕ ಅಥನಾಸಿಯಸ್ ಮುಂದೆ ಅವನದೇ ಪೀಠವೇರಿ, ಐದು ಸಲ ಗಡೀಪಾರಾದ. 350ರ ದಶಕದಲ್ಲಿ ಒಂದು ಪಕ್ಷ ‘ಹೋಮೋಊಸಿಯೊಸ್’ ಬೇಡ, ‘ಹೋಮಾಯ್‌ಊಸಿಯೊಸ್’ ಇರಲಿ ಎಂದಿತು. ನಡುವೆ ಅಯೋಟಾ ಎಂಬ ಒಂದು ಗ್ರೀಕ್ ಅಕ್ಷರ ಸೇರಿತು, ‘ಒಂದೇ ತತ್ತ್ವ’ ಎಂಬುದು ‘ಅದರಂಥ ತತ್ತ್ವ’ ಎಂದಾಯಿತು. ಒಂದು ಅಕ್ಷರಕ್ಕೆ ಇಷ್ಟು ರಂಪವೇ ಎಂದು ಯುರೋಪಿನಲ್ಲಿ ಬಹಳ ಮಂದಿ ಹಗುರವಾಗಿ ಮಾತನಾಡಿದ್ದಾರೆ. ಉಡುಪಿಯ ನೆರೆಯವರಾದ ನಾವು ಹಾಗೆ ಮಾತನಾಡಲಾರೆವು. ಛಾಂದೋಗ್ಯದ ‘ಸ ಆತ್ಮಾ ತತ್ತ್ವಮಸಿ’ ಎಂಬಲ್ಲಿ ಸಂಧಿಯನ್ನು ಬೇರೆ ರೀತಿ ಬಿಡಿಸಿ, ‘ಅತತ್ ತ್ವಮಸಿ’, ಅದು ನೀನಲ್ಲ, ಎಂದು ಮಧ್ವಾಚಾರ್ಯರು ಓದಿದರು. ಒಂದು ಅಕಾರದ ಮೇಲೆ ಇಡೀ ದ್ವೈತ ಮತದ ಮಾತು ನಿಂತಿದೆ. ಎರಡು ವಾದಗಳ ವಿಷಯ ಬೇರೆಬೇರೆ, ನಿಜ. ಅಕ್ಷರವೊಂದು ಎಷ್ಟು ಭಾರ ಹೊರಬಲ್ಲದು ಎಂಬುದು ಮಾತ್ರ ನಮಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯ ತಿಂಗಳು: ಭೂಪಟವನ್ನು ಪೂರ್ವಕ್ಕೆ ತಿರುಗಿಸಿ

ಗೋಡೆಗೆ ಒಂದು ಭೂಪಟ ಅಂಟಿಸಿ. ಈಜಿಪ್ಟ್, ಸಿರಿಯ, ಇರಾಕ್, ಅರ್ಮೇನಿಯ, ಇಥಿಯೋಪಿಯ, ಕೇರಳ ಎಲ್ಲವೂ ಕಾಣುವಂಥದ್ದು. ಯುರೋಪಿನ ಭೂಪಟ ಇಟ್ಟುಕೊಂಡು ಓದಿದವರಿಗೆ ಈ ಚರಿತ್ರೆಯ ಅರ್ಧ ಕಾಣುವುದೇ ಇಲ್ಲ.

431ರಲ್ಲಿ ಎಫೆಸದ ಮಹಾಸಭೆಯಲ್ಲಿ, ಮರಿಯಳನ್ನು ‘ದೇವಮಾತೆ’ ಎನ್ನಬಹುದೇ ಎಂಬ ಪ್ರಶ್ನೆ ಎದ್ದಿತು. ಕಾನ್‌ಸ್ಟಾಂಟಿನೋಪಲ್ಲಿನ ಬಿಷಪ್ ನೆಸ್ಟೋರಿಯಸ್ ಹಿಂಜರಿದ, ಸಭೆ ಅವನನ್ನು ಪದಚ್ಯುತಗೊಳಿಸಿತು. 451ರಲ್ಲಿ, ಈಗ ಇಸ್ತಾಂಬುಲ್‌ನ ಒಂದು ಬಡಾವಣೆಯಾಗಿರುವ ಕಾಲ್ಸಿಡಾನ್‌ನಲ್ಲಿ, ಕ್ರಿಸ್ತನೊಬ್ಬನಲ್ಲೇ ದೈವ ಮತ್ತು ಮಾನವ ಎಂಬ ಎರಡು ಸ್ವಭಾವಗಳಿವೆ ಎಂದು ತೀರ್ಮಾನವಾಯಿತು. ಆ ತೀರ್ಮಾನದ ನಡುವೆ ನಾಲ್ಕು ಗ್ರೀಕ್ ಪದಗಳಿವೆ, ನಾಲ್ಕೂ ನಿಷೇಧದ ಪದಗಳು. ಇಂಗ್ಲಿಷಿನಲ್ಲಿ ಅವನ್ನು ಹೇಳಲು ಸುತ್ತಬೇಕು; ಕನ್ನಡದ ‘ಅದೆ’ ಪ್ರತ್ಯಯ ಅವಕ್ಕೆ ಹೇಳಿ ಮಾಡಿಸಿದಂತಿದೆ: ಬೆರೆಯದೆ, ಬದಲಾಗದೆ, ಒಡೆಯದೆ, ಅಗಲದೆ. ಜೋರಾಗಿ ಒಮ್ಮೆ ಓದಿ ನೋಡಿ. ಎರಡು ಹೇಗೆ ಕೂಡಿವೆ ಎಂದು ಸಭೆ ಹೇಳುವುದಿಲ್ಲ; ಹೇಗೆ ಕೂಡಿಲ್ಲ ಎಂದಷ್ಟೇ ಹೇಳಿ, ಒಳಗಿನದನ್ನು ಮುಟ್ಟದೆ ಸುತ್ತ ನಾಲ್ಕು ಬೇಲಿ ಕಟ್ಟುತ್ತದೆ. ಇಡೀ ಸಿದ್ಧಾಂತ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಸಾಲು ಇದು.

ಈಗ ಮೂರನೆಯ ಪ್ರಶ್ನೆ: ಒಪ್ಪದವರು ಎಲ್ಲಿಗೆ ಹೋದರು? ಕಾಲ್ಸಿಡಾನ್ ಒಪ್ಪದವರು ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯನ್, ಇಥಿಯೋಪಿಯನ್, ಸಿರಿಯನ್ ಆರ್ಥೊಡಾಕ್ಸ್ ಸಭೆಗಳಾಗಿ ಇಂದಿಗೂ ಬಾಳುತ್ತಿದ್ದಾರೆ. ಎಫೆಸವನ್ನು ಒಪ್ಪದ ಪರ್ಷಿಯದ ಪೂರ್ವ ಸಭೆ ಚೀನಾದವರೆಗೆ ಹೋಯಿತು. ಷಿಯಾನ್‌ನಲ್ಲಿ 781ರ ಕಲ್ಲಿನ ಶಾಸನವಿದೆ. ಅದೇ ಸಭೆಯೊಡನೆ ಕೇರಳದ ತೋಮಾ ಕ್ರೈಸ್ತರ ನಂಟು. ಕೊಲ್ಲಂನ ತರಿಸಾಪಳ್ಳಿಗೆ 849ರಲ್ಲಿ ಕೊಟ್ಟ ತಾಮ್ರಪಟದಲ್ಲಿ ಸಾಕ್ಷಿಗಳ ಸಹಿ ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿವೆ. ಕ್ರೈಸ್ತ ಧರ್ಮ ಭಾರತಕ್ಕೆ ಯುರೋಪಿನವರ ಹಡಗಿನಲ್ಲಿ ಬಂತು ಎಂದು ಯಾರಾದರೂ ಹೇಳಿದರೆ ಈ ತಾಮ್ರಪಟ ನೆನಪಿರಲಿ.

ಈ ಒಡಕುಗಳ ಇತ್ತೀಚಿನ ಪುಟಗಳನ್ನೂ ಓದಿ. 1973ರಲ್ಲಿ ರೋಮಿನ ಪೋಪ್ ಮತ್ತು ಕಾಪ್ಟಿಕ್ ಪೋಪ್, 1994ರಲ್ಲಿ ರೋಮ್ ಮತ್ತು ಅಸ್ಸೀರಿಯನ್ ಪೂರ್ವ ಸಭೆ, ಕ್ರಿಸ್ತನ ಬಗ್ಗೆ ತಮ್ಮ ನಂಬಿಕೆ ಒಂದೇ ಎಂಬ ಜಂಟಿ ಹೇಳಿಕೆಗಳಿಗೆ ಸಹಿ ಹಾಕಿದರು. ಹದಿನೈದು ಶತಮಾನದ ಮುನಿಸಿನಲ್ಲಿ ಎಷ್ಟು ಪಾಲು ನಂಬಿಕೆಯದು, ಎಷ್ಟು ಪಾಲು ಭಾಷೆಯದು ಮತ್ತು ರಾಜಕೀಯದ್ದು ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ನಾಲ್ಕನೆಯ ತಿಂಗಳು: ಪಶ್ಚಿಮಕ್ಕೆ ಒಂದು ರೊಟ್ಟಿಯ ದಾರಿ

ಪಶ್ಚಿಮದ ಚರಿತ್ರೆ ಸಮುದ್ರ. ಎಲ್ಲವನ್ನೂ ಓದಲು ಹೊರಟರೆ ಮುಳುಗುತ್ತೀರಿ. ಒಂದು ವಿಷಯ ಹಿಡಿದುಕೊಳ್ಳಿ. ನಾನು ಸೂಚಿಸುವುದು ರೊಟ್ಟಿ ಮತ್ತು ದ್ರಾಕ್ಷಾರಸ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ರೊಟ್ಟಿಯ ತತ್ತ್ವವೇ ಕ್ರಿಸ್ತನ ದೇಹವಾಗಿ ಮಾರ್ಪಡುತ್ತದೆ ಎಂಬ ಮಾತನ್ನು ಬಳಸಿತು. 1517ರಲ್ಲಿ ಜರ್ಮನಿಯ ವಿಟ್ಟನ್‌ಬರ್ಗ್‌ನಲ್ಲಿ ಸುಧಾರಕ ಲೂಥರ್ ಎತ್ತಿದ ಪ್ರಶ್ನೆ ಪಾಪಕ್ಷಮೆಯ ಪತ್ರಗಳ ಮಾರಾಟದ್ದು. ಆದರೆ ಹನ್ನೆರಡೇ ವರ್ಷಗಳಲ್ಲಿ ಸುಧಾರಕರೇ ರೊಟ್ಟಿಯ ಮುಂದೆ ಒಡೆದುಹೋದರು.

ಆ ದೃಶ್ಯವನ್ನು ಹತ್ತಿರದಿಂದ ನೋಡಿ. 1529ರ ಅಕ್ಟೋಬರ್, ಮಾರ್ಬರ್ಗ್‌ನ ಕೋಟೆ. ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಸುಧಾರಕ ಝ್ವಿಂಗ್ಲಿ ಎದುರುಬದುರು. ಲೂಥರ್ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ಲ್ಯಾಟಿನ್ನಿನಲ್ಲಿ ‘ಇದು ನನ್ನ ದೇಹ’ ಎಂದು ಬರೆದು, ಮೇಲೆ ಬಟ್ಟೆ ಮುಚ್ಚಿದ. ಆ ಲ್ಯಾಟಿನ್ ವಾಕ್ಯದ ‘ಎಸ್ಟ್’ (ಆಗಿದೆ) ಎಂದರೆ ‘ಸೂಚಿಸುತ್ತದೆ’ ಎಂದು ಝ್ವಿಂಗ್ಲಿ ವಾದಿಸಿದಾಗ ಬಟ್ಟೆ ಸರಿಸಿ ಆ ಬರಹ ತೋರಿಸಿದ. 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು. ಹದಿನೈದನೆಯದರಲ್ಲಿ, ಇದೊಂದರಲ್ಲಿ, ಮುರಿದುಬಿತ್ತು. ಬಳಿಕ ಟ್ರೆಂಟ್ ಮಹಾಸಭೆಯಲ್ಲಿ (1545–1563) ರೋಮ್ ಕೊಟ್ಟ ಉತ್ತರ ಓದಿ. ಎರಡನೆಯ ವಾರದ ಪದಪಟ್ಟಿಯಲ್ಲಿ ‘ಭೋಜನ’, ‘ಬಲಿ’ ಎಂದು ಬರೆದಿದ್ದಿರಲ್ಲ, ಆ ಪುಟಕ್ಕೆ ಈಗ ಹಿಂದಿರುಗಿ.

ರಕ್ಷಣೆ ಕೃಪೆಯಿಂದಲೋ ಕ್ರಿಯೆಯಿಂದಲೋ ಎಂಬ ಇನ್ನೊಂದು ಎಳೆಯನ್ನೂ ಹೀಗೆಯೇ ಹಿಡಿಯಬಹುದು: ಐದನೆಯ ಶತಮಾನದ ಅಗಸ್ಟೀನ್ ಮತ್ತು ಪೆಲಾಗಿಯಸ್‌ರಿಂದ ಲೂಥರ್‌ವರೆಗೆ, ಅಲ್ಲಿಂದ 1999ರಲ್ಲಿ ಲೂಥರನ್ ಒಕ್ಕೂಟ ಮತ್ತು ರೋಮ್ ಆಗ್ಸ್‌ಬರ್ಗ್‌ನಲ್ಲಿ ಸಹಿ ಮಾಡಿದ ಜಂಟಿ ಹೇಳಿಕೆಯವರೆಗೆ. ಒಂದು ಸಲಕ್ಕೆ ಒಂದೇ ಎಳೆ ಸಾಕು.

ಐದನೆಯ ತಿಂಗಳು: ನಮ್ಮ ನೆಲದಲ್ಲಿ ನಡೆದಾಡಿ

ಹದಿನೇಳನೆಯ ಶತಮಾನದ ನಡುವೆ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತರು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು, ಕಿಟ್ಟೆಲ್ 1894ರಲ್ಲಿ ನಿಘಂಟು ಮುಗಿಸಿದರು. ಇವು ಶಾಲೆಯಲ್ಲೇ ಓದಿದ ಮಾತುಗಳು. ಸಿದ್ಧಾಂತದ ವಿದ್ಯಾರ್ಥಿಯಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಗ್ರೀಕಿನ ‘ಲೋಗೊಸ್’ ಯೋಹಾನನ ಮೊದಲ ಸಾಲಿನಲ್ಲಿ ‘ವಾಕ್ಯ’ವಾದಾಗ ಏನು ಉಳಿಯಿತು, ಏನು ಸೇರಿತು? ‘ಕೃಪೆ’ ಎಂಬ ಪದ ದಾಸರ ಪದಗಳಿಂದ ಹೊತ್ತು ತಂದ ಅರ್ಥವೇನು? ಕಿಟ್ಟೆಲ್ ನಿಘಂಟನ್ನು ತೆರೆದಿಟ್ಟುಕೊಂಡು ಪ್ರಮಾಣದ ಹತ್ತು ಪದಗಳನ್ನು ಹುಡುಕಿ. ಒಂದು ಸಂಜೆಯ ಕೆಲಸ; ನಮ್ಮ ಗುಂಪಿಗೆ ಅಷ್ಟು ಖುಷಿ ಕೊಟ್ಟ ಸಂಜೆ ಇನ್ನೊಂದಿಲ್ಲ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು ಕೊರಳು ಎತ್ತಿ ನೋಡಿ. ನಿಧಾನವಾಗಿ ನೋಡಿದರೆ ಅದು ಗೋಡೆಯ ಮೇಲಿನ ಒಂದು ಸಿದ್ಧಾಂತ ಗ್ರಂಥ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಮತ್ತು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜುಗಳಲ್ಲಿ ಹಳೆಯ ಕಡತಗಳ ಭಂಡಾರಗಳಿವೆ. ಹೋಗುವ ಮುನ್ನ ಪತ್ರ ಬರೆದು, ಏನು ನೋಡಬೇಕೆಂದು ಸ್ಪಷ್ಟವಾಗಿ ತಿಳಿಸಿ. ಬಾಸೆಲ್ ಮಿಷನ್ನಿನ ಹಳೆಯ ಛಾಯಾಚಿತ್ರ ಮತ್ತು ನಕಾಶೆಗಳನ್ನು ಮನೆಯಲ್ಲೇ ಕುಳಿತು ಅಂತರಜಾಲದಲ್ಲಿ ನೋಡಬಹುದು. ಪದವಿಗಾಗಿಯೇ ಓದುವವರಿಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮ ಅಧ್ಯಯನ ವಿಭಾಗವಿದೆ. ಸೆರಾಂಪುರ ವಿಶ್ವವಿದ್ಯಾಲಯದ ಸೆನೆಟ್ ಬಾಹ್ಯ ವಿದ್ಯಾರ್ಥಿಗಳಿಗೂ ಕೋರ್ಸುಗಳನ್ನು ನಡೆಸುತ್ತದೆ.

ಓದುತ್ತಾ ಹೋದಂತೆ ನಿಮಗೆ ವಾದದ ಪುಸ್ತಕಗಳು ಎದುರಾಗುತ್ತವೆ. ಒಂದು ಬಗೆಯವು ಸಭೆ ತಪ್ಪೇ ಮಾಡಿಲ್ಲ ಎನ್ನುತ್ತವೆ, ಇನ್ನೊಂದು ಬಗೆಯವು ಎಲ್ಲವೂ ಸಂಚು ಎನ್ನುತ್ತವೆ. ಅವನ್ನು ಓದುವುದಿದ್ದರೆ ಕೊನೆಯಲ್ಲಿ ಓದಿ. ಯಾವುದೇ ಪುಸ್ತಕವನ್ನು ಅಳೆಯಲು ನನ್ನ ಅಳತೆಗೋಲು ಒಂದೇ: ತಾನು ಒಪ್ಪದವರ ಮಾತನ್ನು, ಅವರೇ ಓದಿ ‘ಹೌದು, ನಾವು ಹೇಳಿದ್ದು ಇದನ್ನೇ’ ಎನ್ನುವಂತೆ ಬರೆದಿದೆಯೇ? 1204ರಲ್ಲಿ ಕ್ರೂಸೇಡಿನ ಸೈನಿಕರು ಕ್ರೈಸ್ತರದೇ ನಗರವಾದ ಕಾನ್‌ಸ್ಟಾಂಟಿನೋಪಲ್ಲನ್ನು ಲೂಟಿ ಮಾಡಿದ್ದನ್ನು ಹೇಗೆ ಬರೆದಿದೆ ಎಂದು ನೋಡಿ. ಆ ಒಂದು ಪುಟ ಲೇಖಕರ ಪ್ರಾಮಾಣಿಕತೆಯನ್ನು ತಿಳಿಸುತ್ತದೆ.

ಆರನೆಯ ತಿಂಗಳು: ಕಿವಿಗೊಟ್ಟು ಕೇಳಿ

ನೋಟ್‌ಬುಕ್ ತುಂಬಿದ ಮೇಲೆ ಎರಡು ಭಾನುವಾರ ಎರಡು ಚರ್ಚುಗಳಿಗೆ ಹೋಗಿ. ಮೊದಲ ವಾರ ಕೆಥೊಲಿಕ್ ಅಥವಾ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿಗೆ, ಎರಡನೆಯ ವಾರ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವ ಮಲಂಕರ ಆರ್ಥೊಡಾಕ್ಸ್ ಚರ್ಚಿಗೆ. ಬಾಗಿಲ ಬಳಿ ಇರುವವರಿಗೆ, ಕೇಳಲು ಬಂದಿದ್ದೇನೆ ಎಂದು ಹೇಳಿ. ಕೂರುವ ಜಾಗ ತೋರಿಸುತ್ತಾರೆ. ಮೊಬೈಲ್ ಒಳಗಿಡಿ. ಪರಮಪ್ರಸಾದ ಹಂಚುವಾಗ, ಆ ಸಭೆಗೆ ಸೇರಿದವರಲ್ಲದಿದ್ದರೆ, ಕುಳಿತಲ್ಲೇ ಇರಿ.

ಎರಡೂ ಕಡೆ ನೈಸಿಯಾ ಪ್ರಮಾಣದ ಪಾಠವನ್ನು ಕೇಳಿ ಪಡೆದು, ಪವಿತ್ರಾತ್ಮನ ಸಾಲಿಗೆ ಬಂದಾಗ ನಿಧಾನಿಸಿ. ಒಂದು ಕಡೆ ಪವಿತ್ರಾತ್ಮನು ತಂದೆಯಿಂದಲೂ ಮಗನಿಂದಲೂ ಹೊರಡುವವನು ಎಂದಿರುತ್ತದೆ. ಇನ್ನೊಂದು ಕಡೆ ತಂದೆಯಿಂದ ಹೊರಡುವವನು ಎಂದಷ್ಟೇ ಇರುತ್ತದೆ. 381ರ ಪಾಠದಲ್ಲಿ ‘ಮಗನಿಂದಲೂ’ ಇರಲಿಲ್ಲ. ಪಶ್ಚಿಮದವರು ಸೇರಿಸಿದರು, ಪೂರ್ವದವರು ಒಪ್ಪಲಿಲ್ಲ, 1054ರ ಬಿರುಕಿನಲ್ಲಿ ಆ ಒಂದು ಪದದ ಪಾಲೂ ಇದೆ. ಅಂದು ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿ ಆ ಪದವನ್ನು ಉಸಿರು ಕಟ್ಟದೆ, ಕಣ್ಣು ಮುಚ್ಚಿ ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದು ನಿಮಗೂ ಕೇಳಿಸಿದ ದಿನ, ನೋಟ್‌ಬುಕ್ಕಿನ ಆ ಸಾಲಿನ ಎದುರು ಬಲಪುಟದಲ್ಲಿ ತಾರೀಖು ಹಾಕಿ.